ಮೊದಲ ಹಳೆಯ ಗಾಡಿ: ಯೆಜ್ಡಿ ರೋಡ್‌ಕಿಂಗ್ ಕೊಳ್ಳಬಹುದೇ, ಕೊಂಡರೆ ಕೆಲಸ ಎಲ್ಲಿಂದ ಶುರುಮಾಡಬೇಕು?

ಹೊಸ ಸವಾರ (ಹಾಸನ)

ಎಲ್ಲರಿಗೂ ನಮಸ್ಕಾರ. ನನಗೆ ಸ್ಕೂಟರ್ ಓಡಿಸಿ ಅಭ್ಯಾಸವಿದೆಯೇ ಹೊರತು, ಗಾಡಿಯ ಸ್ಪಾರ್ಕ್ ಪ್ಲಗ್ಗನ್ನು ಕೂಡ ಇದುವರೆಗೆ ಬಿಚ್ಚಿದವನಲ್ಲ. ಒಂದು ಹಳೆಯ ಮೋಟಾರ್‌ಸೈಕಲ್ ಕೊಂಡು, ಆದಷ್ಟು ಕೆಲಸವನ್ನು ಕಲಿತು ನಾನೇ ಮಾಡಬೇಕೆಂಬ ಆಸೆ ಬಹಳ ಕಾಲದಿಂದ ಇದೆ. ಅರಸೀಕೆರೆಯ ಹತ್ತಿರ ಒಂದು ತೋಟದ ಮನೆಯಲ್ಲಿ 1986ರಲ್ಲಿ ನೋಂದಣಿಯಾದ, ಕೆಎ ಸಾಲು ಬರುವುದಕ್ಕೆ ಮೊದಲಿನ ಮೂರಕ್ಷರದ ಸಂಖ್ಯೆಯಿರುವ ಯೆಜ್ಡಿ ರೋಡ್‌ಕಿಂಗ್ ಇದೆ. ಮಾಲೀಕರು ತೀರಿಕೊಂಡಿದ್ದಾರೆ, ಅವರ ಮಗ ಮಾರಲು ಸಿದ್ಧರಿದ್ದಾರೆ. ಆರ್‌ಸಿ ಪುಸ್ತಕ ಇದೆ, ಆದರೆ ಅದರ ಅವಧಿ 2021ಕ್ಕೆ ಮುಗಿದಿದೆ. ಗಾಡಿ ಕೆಲವು ವರ್ಷಗಳಿಂದ ಕೊಟ್ಟಿಗೆಯಲ್ಲೇ ನಿಂತಿದೆ. ನಿಲ್ಲಿಸುವಾಗ ಓಡುತ್ತಿತ್ತು ಎನ್ನುತ್ತಾರೆ. ಅವರು ಕೇಳುತ್ತಿರುವುದು 45,000 ರೂಪಾಯಿ. ರಿಪೇರಿಯೂ ಸೇರಿ ನನ್ನ ಒಟ್ಟು ಖರ್ಚು 80,000 ದಾಟಬಾರದು.

ಇದೇ ಹೊತ್ತಿಗೆ ಊರಿನ ಬ್ರೋಕರ್ ಒಬ್ಬರು ಹೊಸದಾಗಿ ಪೇಂಟ್ ಮಾಡಿಸಿದ ಯಮಹಾ ಆರ್‌ಎಕ್ಸ್ 100 ತೋರಿಸಿ, ಒಂದು ಲಕ್ಷದ ಹತ್ತು ಸಾವಿರಕ್ಕೆ ಒಂದು ರೂಪಾಯಿಯೂ ಕಡಿಮೆಯಿಲ್ಲ ಎನ್ನುತ್ತಿದ್ದಾರೆ. ಸಾಲ ಮಾಡಿಯಾದರೂ ಅದನ್ನೇ ತೆಗೆದುಕೋ ಎಂಬುದು ಗೆಳೆಯರ ಒತ್ತಾಯ. ಎರಡರಲ್ಲಿ ಯಾವುದು ಸರಿ, ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು, ಮನೆಗೆ ತಂದ ಮೇಲೆ ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನಾಲ್ಕು ಸ್ಟ್ರೋಕೇ ಸಾಕು (ಹುಬ್ಬಳ್ಳಿ)

ನಿಮ್ಮ ಪ್ರಶ್ನೆಯಲ್ಲಿ ಒಂದು ಮುಖ್ಯ ಸಂಗತಿಯೇ ಇಲ್ಲ: ಈ ಗಾಡಿಯಲ್ಲಿ ದಿನವೂ ಕೆಲಸಕ್ಕೆ ಹೋಗುತ್ತೀರೋ, ಅಥವಾ ಭಾನುವಾರದ ಓಡಾಟಕ್ಕೆ ಮಾತ್ರವೋ? ದಿನವೂ ಹೋಗುವುದಾದರೆ ಎರಡನ್ನೂ ಬಿಟ್ಟು ಒಂದು ಹಳೆಯ ಹೀರೋ ಹೋಂಡಾ ಸಿಡಿ 100 ಅಥವಾ ಮೊದಮೊದಲಿನ ಸ್ಪ್ಲೆಂಡರ್ ಹುಡುಕಿ. ಸಿಡಿ 100 ಬಂದದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ; ಎರಡರದೂ 97.2 ಸಿಸಿಯ ಇಂಜಿನ್. ಬಿಡಿಭಾಗ ಸಿಗದ ತಾಲ್ಲೂಕು ಕೇಂದ್ರವೇ ಇಲ್ಲ. ಟ್ಯಾಪೆಟ್ ಸರಿಹೊಂದಿಸುವುದು, ಕಾರ್ಬೊರೇಟರ್ ತೊಳೆಯುವುದು, ಚೈನ್ ಸ್ಪ್ರಾಕೆಟ್ ಬದಲಾಯಿಸುವುದು, ಬ್ರೇಕ್ ಶೂ ಹಾಕುವುದು, ಇವನ್ನೆಲ್ಲ ಅದರ ಮೇಲೆ ಕಡಿಮೆ ಖರ್ಚಿನಲ್ಲಿ ಕಲಿಯಬಹುದು. ಏನಾದರೂ ಕೆಟ್ಟರೂ ಮಾರನೆಯ ದಿನ ಗಾಡಿ ರಸ್ತೆಯಲ್ಲಿರುತ್ತದೆ.

ಕಲಿಯುವುದು ಒಂದು ಗಾಡಿಯ ಮೇಲೆ, ಓಡಾಡುವುದು ಇನ್ನೊಂದರ ಮೇಲೆ ಎಂಬ ಅನುಕೂಲವಿದ್ದವರಿಗೆ ಮಾತ್ರ ಯೆಜ್ಡಿ ಸರಿ. ಮನೆಯಲ್ಲಿ ಸ್ಕೂಟರ್ ಉಳಿಸಿಕೊಳ್ಳುತ್ತೀರಾದರೆ ನನ್ನ ಆಕ್ಷೇಪವಿಲ್ಲ.

ಹಳೇ ಕಿಕ್ಕರ್ (ಮೈಸೂರು)

ಹುಬ್ಬಳ್ಳಿಯವರ ಮಾತಿನ ಕೊನೆಯ ಭಾಗವನ್ನು ಒಪ್ಪುತ್ತೇನೆ, ಮೊದಲ ಭಾಗವನ್ನಲ್ಲ. ಇಂಜಿನ್ ಎಂದರೇನು ಎಂದು ಕೈಯಾರೆ ತಿಳಿಯಬೇಕೆಂದಿರುವವರಿಗೆ ರೋಡ್‌ಕಿಂಗ್‌ನಷ್ಟು ಬಿಚ್ಚುಮನಸ್ಸಿನ ಗಾಡಿ ಕಡಿಮೆ. ಇದು ಎರಡು ಸ್ಟ್ರೋಕಿನ ಇಂಜಿನ್, ಅಂದರೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋದರೆ ಒಂದು ಸುತ್ತಿನ ಕೆಲಸ ಮುಗಿಯುವಂಥದ್ದು. ಇದರಲ್ಲಿ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. 65 ಮಿಮೀ ಬೋರ್ (ಒಳವ್ಯಾಸ), 75 ಮಿಮೀ ಸ್ಟ್ರೋಕ್ (ಪಿಸ್ಟನ್ ಚಲಿಸುವ ಉದ್ದ) ಇರುವ ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್. ಹೆಡ್ಡು ಮತ್ತು ಸಿಲಿಂಡರ್ ಇಳಿಸಿದರೆ ಪಿಸ್ಟನ್ ಎದುರಿಗೇ ಕಾಣುತ್ತದೆ, ಇಡೀ ಇಂಜಿನ್ ಇಳಿಸುವ ಅಗತ್ಯವೂ ಇಲ್ಲ. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಬಿಚ್ಚಿ ಜೋಡಿಸಬಲ್ಲವರು ಮೈಸೂರು, ಮಂಡ್ಯ, ಹಾಸನದ ಕಡೆ ಇಂದಿಗೂ ಸಿಗುತ್ತಾರೆ. ಜುಲೈ ತಿಂಗಳ ಎರಡನೆಯ ಭಾನುವಾರದಂದು ನಡೆಯುವ ಜಾವಾ ದಿನಕ್ಕೆ ಒಮ್ಮೆ ಬನ್ನಿ. ಅಲ್ಲಿ ಗಾಡಿಗಳಿಗಿಂತ ಹೆಚ್ಚಾಗಿ ಮನುಷ್ಯರ ಪರಿಚಯ ಮಾಡಿಕೊಳ್ಳಿ. ಯಾವ ಅಂಗಡಿಯ ಪಿಸ್ಟನ್ ಬಾಳುತ್ತದೆ, ಯಾವುದರ ರಿಂಗ್ ಬೇಗ ಸವೆಯುತ್ತದೆ ಎಂಬುದು ಅವರ ಬಾಯಲ್ಲಿರುತ್ತದೆ.

ಸ್ಕೂಟರಿನಿಂದ ಬರುವವರಿಗೆ ಇದರ ಒಂದೆರಡು ವಿಶೇಷಗಳನ್ನು ಹೇಳಲೇಬೇಕು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಇಂಜಿನ್ ಹೊತ್ತಿದ ಮೇಲೆ ಮುಂದಕ್ಕೆ ಮರಳಿಸಿದರೆ ಗೇರ್. ಆ ಲಿವರನ್ನು ಕಾಲಿನಿಂದ ಅದುಮಿದಾಗ ಒಳಗಿನ ಕ್ಯಾಮ್ ಕ್ಲಚ್ಚನ್ನೂ ತಾನೇ ಸ್ವಲ್ಪ ಬಿಡಿಸುತ್ತದೆ. ಹೀಗಾಗಿ ಕ್ಲಚ್ ಹೊಂದಾಣಿಕೆ ತಪ್ಪಿದ ಗಾಡಿಯಲ್ಲಿ ಗೇರ್ ಬೀಳದಿದ್ದರೆ ಗೇರ್‌ಬಾಕ್ಸೇ ಹೋಗಿದೆ ಎಂದು ಹೆದರಿಸುವವರು ಸಿಗುತ್ತಾರೆ. ಮೊದಲು ಕೇಬಲ್ ಮತ್ತು ಪುಶ್‌ರಾಡಿನ ಹೊಂದಾಣಿಕೆ ನೋಡಿಸಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಆರ್‌ಎಕ್ಸ್ 100 ಬಗ್ಗೆ ನನಗೆ ದ್ವೇಷವಿಲ್ಲ. 98 ಸಿಸಿಯಲ್ಲಿ 11 ಅಶ್ವಶಕ್ತಿ, ನೂರು ಕಿಲೋ ಆಸುಪಾಸಿನ ತೂಕ. ಅದರ ಓಟಕ್ಕೆ ಇಂದಿಗೂ ಮರುಳಾಗುವವರಿದ್ದಾರೆ. ಆ ಮರುಳೇ ಅದರ ಬೆಲೆಯನ್ನು ಏರಿಸಿದೆ. ಬೆಲೆ ಏರಿದಲ್ಲಿ ಆರ್‌ಎಕ್ಸ್ ಜಿ ಅಥವಾ ಆರ್‌ಎಕ್ಸ್ 135ರ ಭಾಗಗಳನ್ನು ಕೂಡಿಸಿ ಮಾಡಿದ ಗಾಡಿಗಳೂ, ಬೇರೆ ಗಾಡಿಯ ಕಾಗದಕ್ಕೆ ಹೊಂದಿಸಿದ ಚಾಸಿಗಳೂ ಮಾರುಕಟ್ಟೆಗೆ ಬರುತ್ತವೆ. ಹೊಸ ಪೇಂಟಿನ ಕೆಳಗೆ ಏನಿದೆ ಎಂದು ಕಣ್ಣಿಗೆ ಕಾಣಿಸುವುದಿಲ್ಲ. ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತ ಗಾಡಿ ತನ್ನ ದೋಷವನ್ನು ಮುಚ್ಚಿಡುವುದಿಲ್ಲ.

ಕಡತ ಮೊದಲು (ಬೆಂಗಳೂರು)

ಇಂಜಿನ್ ವಿಚಾರ ಆಮೇಲೆ ಇರಲಿ. ಎಂಥ ಇಂಜಿನ್ನನ್ನಾದರೂ ಹಣ ಸುರಿದು ಸರಿಮಾಡಬಹುದು, ಕಾಗದ ಸರಿಯಿಲ್ಲದ ಗಾಡಿಯನ್ನು ಹಣ ಸುರಿದೂ ರಸ್ತೆಗೆ ಇಳಿಸಲಾಗದು. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಾಲೀಕರು ತೀರಿಕೊಂಡಿರುವುದರಿಂದ ಮಗ ನೇರವಾಗಿ ನಿಮಗೆ ಮಾರುವ ಹಾಗಿಲ್ಲ. ಮೊದಲು ಅವರು ನಮೂನೆ 31ರಲ್ಲಿ ಅರ್ಜಿ ಹಾಕಿ, ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆ ಕೊಟ್ಟು, ಉಳಿದ ವಾರಸುದಾರರ ಒಪ್ಪಿಗೆಯನ್ನೂ ಪಡೆದು ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದಾದ ಮೇಲೆ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ನಿಮಗೆ ವರ್ಗಾಯಿಸಬಹುದು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಕಚೇರಿಗೆ ತಿಳಿಸಬೇಕು.

ಎರಡನೆಯದು ಅವಧಿ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ ನಮೂನೆ 25ರಲ್ಲಿ ನವೀಕರಣ. 1986ರ ಗಾಡಿ 2001, 2006, 2011, 2016ರಲ್ಲಿ ನವೀಕರಣವಾಗಿ 2021ಕ್ಕೆ ನಿಂತಿದೆ ಎಂದರೆ ಹಿಂದಿನ ಮಾಲೀಕರು ಶಿಸ್ತಿನವರಾಗಿದ್ದರು ಎಂದೇ ಅರ್ಥ. ಪುಸ್ತಕದ ಪುಟಗಳಲ್ಲಿ ಆ ನಾಲ್ಕು ಮೊಹರುಗಳೂ ಇವೆಯೇ ನೋಡಿ. 2022ರ ಏಪ್ರಿಲ್ ಒಂದರಿಂದ ದ್ವಿಚಕ್ರ ವಾಹನದ ನವೀಕರಣ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವುಗಳಿಗೆ ಅದು 2,000 ಆಯಿತು. ಇದು ದೊಡ್ಡ ಹೊರೆಯಲ್ಲ. ಹೊರೆಯಾಗುವುದು ವಿಳಂಬ ಶುಲ್ಕ: ತಿಂಗಳಿಗೆ 300 ರೂಪಾಯಿಯಂತೆ ವರ್ಷಕ್ಕೆ 3,600. ಇದರ ಮೇಲೆ ಹಸಿರು ತೆರಿಗೆ ಬೇರೆ. ಆದ್ದರಿಂದ ಬೆಲೆ ಮಾತಾಡುವ ಮೊದಲೇ ಆರ್‌ಸಿಯ ಪ್ರತಿ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಒಟ್ಟು ಬಾಕಿಯ ಲೆಕ್ಕ ಹಾಕಿಸಿ, ಆ ಮೊತ್ತವನ್ನು 45,000ದಲ್ಲಿ ಕಳೆಯುವಂತೆ ಮಾತಾಡಿ.

ಮೂರನೆಯದು, ಆ ಹಳೆಯ ಸಂಖ್ಯೆ ಸರ್ಕಾರದ ಗಣಕೀಕೃತ ವಾಹನ ದಾಖಲೆಯಾದ ‘ವಾಹನ್’ ದತ್ತಾಂಶದಲ್ಲಿ ಇದೆಯೇ ಎಂಬುದು. ಮೂರಕ್ಷರದ ಕಾಲದ ಎಷ್ಟೋ ಗಾಡಿಗಳ ವಿವರ ಇನ್ನೂ ಕಚೇರಿಯ ಹಳೆಯ ರಿಜಿಸ್ಟರಿನಲ್ಲೇ ಉಳಿದಿದೆ. ಅದು ಗಣಕಕ್ಕೆ ಏರದೆ ನವೀಕರಣವೂ ಆಗದು, ಹೊಸ ಬಗೆಯ ಸುರಕ್ಷಾ ನಂಬರ್ ಪ್ಲೇಟನ್ನೂ ಬುಕ್ ಮಾಡಲಾಗದು. ನಾಲ್ಕನೆಯದು ಸಾಲದ ನಮೂದು. ಆರ್‌ಸಿಯಲ್ಲಿ ಯಾವುದಾದರೂ ಬ್ಯಾಂಕಿನ ಹೈಪಾಥಿಕೇಶನ್ ಹಾಗೆಯೇ ಉಳಿದಿದ್ದರೆ ಸಾಲ ಎಂದೋ ತೀರಿದ್ದರೂ ಆ ನಮೂದು ತೆಗೆಸಲು ಬ್ಯಾಂಕಿನ ಸಹಿಯಿರುವ ನಮೂನೆ 35 ಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದಿದ್ದರೆ ಈಗ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ, ವಿಜಯಾ ಬ್ಯಾಂಕ್ ಎಂದಿದ್ದರೆ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಎಂದಿದ್ದರೆ ಕೆನರಾಕ್ಕೆ ಹೋಗಬೇಕು.

ಚಾಸಿ ಸಂಖ್ಯೆ ಮತ್ತು ಇಂಜಿನ್ ಸಂಖ್ಯೆಗಳನ್ನು ಲೋಹದ ಮೇಲೆಯೇ ಓದಿ; ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಆರ್‌ಸಿಯೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಒಂದು ಅಂಕಿಯ ಸುತ್ತ ಮಾತ್ರ ಲೋಹ ಉಜ್ಜಿದಂತಿದ್ದರೆ, ಅಂಕಿಗಳ ಸಾಲು ವಾಲಿದ್ದರೆ ಅಲ್ಲಿಂದ ಎದ್ದು ಬನ್ನಿ. ಕಳವಾದ ವಾಹನಗಳ ಪಟ್ಟಿಯಲ್ಲಿ ಗಾಡಿ ಇದೆಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಜಾಲತಾಣದಲ್ಲಿ ಪರಿಶೀಲಿಸುವ ವ್ಯವಸ್ಥೆಯೂ ಇದೆ.

ಹೊಸ ಸವಾರ (ಹಾಸನ)

ಬೆಂಗಳೂರಿನವರಿಗೆ ಧನ್ಯವಾದಗಳು. ಒಂದು ಅನುಮಾನ. ತಂದೆಯವರು ಬದುಕಿದ್ದಾಗಲೇ 29, 30ಕ್ಕೆ ಸಹಿ ಹಾಕಿಟ್ಟಿದ್ದಾರೆ, ಅದರಲ್ಲೇ ವರ್ಗಾವಣೆ ಮಾಡಿಸಿಬಿಡಬಹುದು ಎಂದು ಮಗ ಹೇಳುತ್ತಿದ್ದಾರೆ. ಏಜೆಂಟರೊಬ್ಬರೂ ಹಾಗೆಯೇ ಹೇಳಿದರು. ಅದು ಸುಲಭದ ದಾರಿಯಲ್ಲವೇ?

ಕಡತ ಮೊದಲು (ಬೆಂಗಳೂರು)

ಸುಲಭವಾಗಿ ಕಾಣುತ್ತದೆ, ಆದರೆ ಆ ದಾರಿ ಹಿಡಿಯಬೇಡಿ. ತೀರಿಕೊಂಡವರು ಮಾರಿದ್ದಾರೆ ಎಂದು ಇವತ್ತಿನ ದಿನಾಂಕ ಹಾಕಿ ಕಚೇರಿಗೆ ಕೊಡುವುದು ಸುಳ್ಳು ದಾಖಲೆ. ನಾಳೆ ಇನ್ನೊಬ್ಬ ವಾರಸುದಾರರು ತಕರಾರು ತೆಗೆದರೆ, ಅಥವಾ ಅಪಘಾತವಾಗಿ ವಿಮಾ ಕಂಪನಿ ಕಡತ ಕೆದಕಿದರೆ ಉತ್ತರಿಸಬೇಕಾದವರು ನೀವು. ನಮೂನೆ 31ರ ಕೆಲಸಕ್ಕೆ ಓಡಾಟ ಹೆಚ್ಚು, ಖರ್ಚು ಹೆಚ್ಚಲ್ಲ. ಸ್ವಲ್ಪ ಮುಂಗಡ ಕೊಟ್ಟು, ಕಾಗದ ಮಗನ ಹೆಸರಿಗೆ ಬಂದ ಮೇಲೆ ಉಳಿದ ಹಣ ಎಂದು ಬರೆಸಿಕೊಳ್ಳಿ. ಒಪ್ಪದಿದ್ದರೆ ಬೇರೆ ಗಾಡಿ ನೋಡಿ.

ಕಡಲ ಗಾಳಿ (ಕುಂದಾಪುರ)

ನಮ್ಮ ಕಡೆ ಹಳೆಯ ಗಾಡಿ ನೋಡಲು ಹೋದರೆ ಮೊದಲು ಬಗ್ಗಿ ಅಡಿಭಾಗ ನೋಡುವುದು ರೂಢಿ. ಉಪ್ಪುಗಾಳಿಗೆ ತುಕ್ಕು ಒಳಗಿನಿಂದ ತಿನ್ನುತ್ತ ಬರುತ್ತದೆ. ನಿಮ್ಮದು ಬಯಲುಸೀಮೆಯ ಅಂಚಿನ ಗಾಡಿಯಾದ್ದರಿಂದ ಅಷ್ಟು ಭಯವಿರಲಾರದು. ಆದರೆ ಕೊಟ್ಟಿಗೆ ಎಂದಿದ್ದೀರಿ. ದನದ ಗಂಜಲವೂ ಒದ್ದೆ ನೆಲವೂ ಕಬ್ಬಿಣಕ್ಕೆ ಕಡಲಿಗಿಂತ ಒಳ್ಳೆಯದನ್ನೇನೂ ಮಾಡುವುದಿಲ್ಲ. ಸೀಟಿನ ಕೆಳಗಿನ ಚಾಸಿ ಕೊಳವೆ, ಸೆಂಟರ್ ಸ್ಟ್ಯಾಂಡಿನ ಬೆಸುಗೆ, ಮಡ್‌ಗಾರ್ಡಿನ ಒಳಮೈ, ರಿಮ್ಮಿಗೆ ಕಡ್ಡಿಗಳು ಕೂಡುವ ಜಾಗ, ಇವುಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಮೇಲ್ಮೈ ತುಕ್ಕಿಗೆ ಹೆದರಬೇಡಿ. ಚಾಸಿಯ ಮೇಲೆ ಹೊಸ ಬೆಸುಗೆಯ ಗುರುತಿದ್ದರೆ ಮಾತ್ರ ಏಕೆ, ಯಾವಾಗ ಎಂದು ಕೇಳಲೇಬೇಕು.

ಪೆಟ್ರೋಲ್ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬೇಡಿ. ಕಂದು ಪುಡಿ ಇದ್ದರೆ ತೊಳೆಯಬಹುದು. ಪದರು ಪದರಾಗಿ ಕಿತ್ತುಬರುತ್ತಿದ್ದರೆ ಟ್ಯಾಂಕಿನ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಲೇತ್ ಮನೆ (ಶಿವಮೊಗ್ಗ)

ಬೋರಿಂಗ್, ಲೇತ್ ಕೆಲಸ ಮಾಡಿಕೊಂಡು ಬಂದವನು ನಾನು. ಗಿರಾಕಿ ಏನೂ ಅಳೆಯದೆ ಬಂದು "ಬೋರ್ ಮಾಡಿಬಿಡಿ" ಎನ್ನುವುದನ್ನು ದಿನವೂ ನೋಡುತ್ತೇನೆ. ಆರಂಭದವರು ತಿಳಿದಿರಬೇಕಾದ ಮಾತೆಂದರೆ, ಸಿಲಿಂಡರಿನ ಕಬ್ಬಿಣ ಒಮ್ಮೆ ಕೊರೆದರೆ ಮತ್ತೆ ಬೆಳೆಯುವುದಿಲ್ಲ. ಪಿಸ್ಟನ್‌ಗಳು ಕಾಲು ಮಿಲಿಮೀಟರಿನಂತೆ 0.25, 0.50, 0.75, 1.00 ಎಂಬ ಓವರ್‌ಸೈಜ್‌ಗಳಲ್ಲಿ ಬರುತ್ತವೆ. ಈಗ ಒಳಗಿರುವ ಪಿಸ್ಟನ್ನಿನ ತಲೆಯ ಮೇಲೆ ಅದರ ಅಳತೆ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಅದು ಸ್ಟ್ಯಾಂಡರ್ಡ್ ಅಥವಾ 0.25 ಇದ್ದರೆ ನೀವು ಅದೃಷ್ಟವಂತರು, 1.00 ಇದ್ದರೆ ಮುಂದಿನ ಸಲ ಸಿಲಿಂಡರಿನೊಳಗೆ ಸ್ಲೀವ್ ಎಂಬ ಹೊಸ ಲೋಹದ ಕೊಳವೆ ಹಾಕಿಸಬೇಕಾಗುತ್ತದೆ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ ಅಳೆದು ಸವೆತ ತೋರಿಸಿ ಎಂದು ಕೇಳಿ. ತೋರಿಸಲು ಒಪ್ಪದವರಿಗೆ ಸಿಲಿಂಡರ್ ಕೊಡಬೇಡಿ. ಪಿಸ್ಟನ್ನನ್ನು ಮೊದಲು ಕೊಂಡು ತಂದು, ಅದನ್ನೇ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಬೇಕೇ ಹೊರತು, ಬೋರ್ ಮಾಡಿ ಆಮೇಲೆ ಪಿಸ್ಟನ್ ಹುಡುಕುವುದಲ್ಲ.

ಕೊಳ್ಳುವ ಮೊದಲು ಇಂಜಿನ್ ಬಿಚ್ಚಲು ಯಾರೂ ಬಿಡುವುದಿಲ್ಲವಾದ್ದರಿಂದ ಹೊರಗಿನಿಂದ ನೋಡಬಹುದಾದದ್ದನ್ನು ಹೇಳುತ್ತೇನೆ. ಪ್ಲಗ್ ಬಿಗಿಯಾಗಿದ್ದಾಗ ಕಿಕ್ಕರನ್ನು ಕೈಯಿಂದಲೇ ನಿಧಾನವಾಗಿ ಒತ್ತಿ. ಒಂದು ಹಂತದಲ್ಲಿ ಅದು ಬಲವಾಗಿ ತಡೆಯಬೇಕು, ತಡೆದು ಹಾಗೆಯೇ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದುಹೋದರೆ ರಿಂಗ್ ಸವೆದಿವೆ ಅಥವಾ ವರ್ಷಗಟ್ಟಲೆ ನಿಂತು ಒಣಗಿ ಅಂಟಿಕೊಂಡಿವೆ. ಇಂಜಿನ್ ತಿರುಗುವುದೇ ಇಲ್ಲ ಎಂದಾದರೆ ಎಗರಿ ಎಗರಿ ಒದೆಯಬೇಡಿ. ಪ್ಲಗ್ ತೆಗೆದು ಡೀಸೆಲ್ಲಿನಲ್ಲಿ ಬೆರೆಸಿದ 2ಟಿ ಆಯಿಲ್ (ಎರಡು ಸ್ಟ್ರೋಕಿನ ಇಂಜಿನ್ನಿಗೆ ಪೆಟ್ರೋಲಿನ ಜೊತೆ ಕೊಡುವ ಎಣ್ಣೆ) ಬಿಟ್ಟು ಒಂದೆರಡು ದಿನ ನೆನೆಯಲು ಬಿಡಬೇಕು, ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು.

ಎರಡು ಸ್ಟ್ರೋಕಿನ ಗಾಡಿಯಲ್ಲಿ ಗಿರಾಕಿಗಳು ಬೋರಿನ ಮೇಲೆ ಹೊರಿಸುವ ಅರ್ಧ ಅಪವಾದ ಸಲ್ಲಬೇಕಾದ್ದು ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಆಯಿಲ್ ಸೀಲುಗಳಿಗೆ. ಕ್ಲಚ್ ಕಡೆಯ ಸೀಲು ಒಣಗಿ ಬಿರಿದಿದ್ದರೆ ಇಂಜಿನ್ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಹೊಗೆ ವಿಪರೀತವಾಗುತ್ತದೆ, ಗೇರ್‌ಬಾಕ್ಸಿನ ಆಯಿಲ್ ಎಲ್ಲೂ ಸೋರದೆ ಕಡಿಮೆಯಾಗುತ್ತ ಹೋಗುತ್ತದೆ. ಡೈನಮೋ ಕಡೆಯ ಸೀಲು ಹೋಗಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ, ಅದನ್ನು ಹಾಗೆಯೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ಎರಡು ಸೀಲುಗಳನ್ನು ಪ್ರಶ್ನೆಯೇ ಇಲ್ಲದೆ ಬದಲಾಯಿಸಿ. ಸೀಲಿನ ಬೆಲೆ ಚಿಕ್ಕದು, ಅದಕ್ಕಾಗಿ ಬಿಚ್ಚುವ ಕೂಲಿ ದೊಡ್ಡದು. ಆದ್ದರಿಂದ ಕ್ಲಚ್ ಪ್ಲೇಟ್, ಪ್ರೈಮರಿ ಚೈನ್ ಎರಡನ್ನೂ ಅದೇ ಹೊತ್ತಿಗೆ ನೋಡಿಸಿಬಿಡುವುದು ಜಾಣತನ.

ಹಳೇ ಕಿಕ್ಕರ್ (ಮೈಸೂರು)

ಶಿವಮೊಗ್ಗದವರ ಮಾತಿಗೆ ಒಂದು ಸೇರ್ಪಡೆ. ಆರ್‌ಎಕ್ಸ್ ಕೊಳ್ಳುವವರಿಗಾಗಿ ಇದನ್ನು ಹೇಳಲೇಬೇಕು. ಅದರಲ್ಲಿ 2ಟಿ ಆಯಿಲಿಗೆ ಬೇರೆ ಟ್ಯಾಂಕೂ ಪಂಪೂ ಇವೆ. ಎಷ್ಟೋ ಗಾಡಿಗಳಲ್ಲಿ ಹಿಂದಿನವರು ಪಂಪನ್ನು ಮುಚ್ಚಿ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸಿರುತ್ತಾರೆ. ಹೊಸಬರು ಪಂಪ್ ಇದೆಯೆಂದುಕೊಂಡು ಬರೀ ಪೆಟ್ರೋಲ್ ಹಾಕಿದರೆ ಸ್ವಲ್ಪ ದೂರದಲ್ಲೇ ಇಂಜಿನ್ ಸೀಜ್. ಮಾರುವವರ ಬಾಯಿಂದಲೇ ಇದನ್ನು ಕೇಳಿ ತಿಳಿಯಿರಿ. ಅನುಮಾನವಿದ್ದರೆ ಪಂಪ್ ಕೆಲಸ ಮಾಡುತ್ತಿರುವುದು ಖಚಿತವಾಗುವವರೆಗೆ ಪೆಟ್ರೋಲಿಗೂ ಆಯಿಲ್ ಬೆರೆಸಿ. ರೋಡ್‌ಕಿಂಗ್‌ನಲ್ಲಿ ಆ ತಾಪತ್ರಯವಿಲ್ಲ: ಲೀಟರಿಗೆ 40 ಮಿಲಿ, ಅಂದರೆ ಇಪ್ಪತ್ತೈದಕ್ಕೆ ಒಂದು, ಅಳೆದು ಬೆರೆಸಿದರಾಯಿತು.

ಸರ್ಕೀಟು (ದಾವಣಗೆರೆ)

ಯಾರೂ ವಿದ್ಯುತ್ತಿನ ಮಾತೆತ್ತಲಿಲ್ಲ. ಆ ಕಾಲದ ರೋಡ್‌ಕಿಂಗ್‌ನದು 6 ವೋಲ್ಟಿನ ಡೈನಮೋ, ಬ್ಯಾಟರಿ, ಮತ್ತು ಕಿಡಿ ಹಾರುವ ಗಳಿಗೆಯಲ್ಲಿ ವಿದ್ಯುತ್ತನ್ನು ಕಡಿಯುವ ಪಾಯಿಂಟ್ಸ್. ಬ್ಯಾಟರಿ ಸತ್ತಿದ್ದರೆ ಪ್ಲಗ್ಗಿನಲ್ಲಿ ಕಿಡಿಯೇ ಬರುವುದಿಲ್ಲ. ನಿಂತ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೆಂದು ಕಾರ್ಬೊರೇಟರ್ ಬಿಚ್ಚುವ ಮೊದಲು ಚಾರ್ಜ್ ಆದ ಬ್ಯಾಟರಿ ಇಟ್ಟು, ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಹಿಡಿದು ಕಿಡಿ ನೋಡಿ. ಪಾಯಿಂಟ್ಸ್ ಮೇಲೆ ಕಪ್ಪು ಪದರ ಕಟ್ಟಿರುತ್ತದೆ. ಸಣ್ಣ ಎಮೆರಿ ಕಾಗದದಿಂದ ಉಜ್ಜಿ, ಪೆಟ್ರೋಲಿನಿಂದ ಒರೆಸಿ, ಫೀಲರ್ ಗೇಜಿನಲ್ಲಿ ಅಂತರವನ್ನು 0.4 ಮಿಮೀ ಆಸುಪಾಸಿಗೆ ಇಡಿ. ದೀಪ ಮಂದವಾಗಿ ಉರಿದರೆ ಡೈನಮೋವನ್ನು ದೂರುವ ಮೊದಲು ಅರ್ಥಿಂಗ್ ನೋಡಿ. ಪೇಂಟ್ ಮಾಡಿಸಿದ ಗಾಡಿಗಳಲ್ಲಿ ಅರ್ಥ್ ವೈರು ಕೂಡುವ ಜಾಗಕ್ಕೂ ಬಣ್ಣ ಬಳಿದು, ಆಮೇಲೆ ಎಲ್ಲೆಲ್ಲೋ ದೋಷ ಹುಡುಕುವುದನ್ನು ನೋಡಿದ್ದೇನೆ.

12 ವೋಲ್ಟಿಗೆ ಬದಲಾಯಿಸುವ ಕಿಟ್ಟುಗಳು ಸಿಗುತ್ತವೆ. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರಿಗೆ ಅದು ಬೇಕು. ಆದರೆ ಮೂಲ ವ್ಯವಸ್ಥೆ ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ಕಂಡು, ಆಮೇಲೆ ಬದಲಾಯಿಸಿ.

ಬಣ್ಣದಂಗಡಿ (ತುಮಕೂರು)

ನನ್ನ ಸಲಹೆ ಬೇರೆ. ಎಲ್ಲವನ್ನೂ ಒಮ್ಮೆಗೇ ಬಿಚ್ಚಿ ಚಾಸಿಗೆ ಪೌಡರ್ ಕೋಟಿಂಗ್, ಟ್ಯಾಂಕಿಗೆ ಪೇಂಟ್, ರಿಮ್ಮಿಗೆ ಕ್ರೋಮ್ ಮಾಡಿಸಿಬಿಡಿ. ಅರ್ಧಂಬರ್ಧ ಮಾಡಿದರೆ ಮತ್ತೆ ಬಿಚ್ಚಬೇಕಾಗುತ್ತದೆ.

ನಾಲ್ಕು ಸ್ಟ್ರೋಕೇ ಸಾಕು (ಹುಬ್ಬಳ್ಳಿ)

ಇದನ್ನು ಮಾತ್ರ ಮಾಡಬೇಡಿ. ಅನುಭವಿಗಳಿಗೆ ಅದು ಸರಿ. ಮೊದಲ ಸಲದವರು ಪೂರ್ತಿ ಬಿಚ್ಚಿದ ಗಾಡಿ ಗೋಣಿಚೀಲದಲ್ಲಿ ತುಂಬಿದ ಬಿಡಿಭಾಗವಾಗಿಯೇ ಮಾರಾಟಕ್ಕೆ ಬರುತ್ತದೆ. ಅಂಥ ಚೀಲಗಳನ್ನು ಅಗ್ಗಕ್ಕೆ ಕೊಳ್ಳಲು ಕಾದಿರುವವರೇ ಇದ್ದಾರೆ. ಮೊದಲು ಗಾಡಿ ನಿಲ್ಲಬೇಕು, ಆಮೇಲೆ ಓಡಬೇಕು, ಹೊಳೆಯುವುದು ಕೊನೆಗೆ. ಬ್ರೇಕ್ ಶೂ, ಕೇಬಲ್‌ಗಳು, ಟೈರು ಟ್ಯೂಬುಗಳು, ಚಕ್ರದ ಬೇರಿಂಗುಗಳಿಗೆ ಹಣ ಹಾಕಿದ ಮೇಲೆಯೇ ಇಂಜಿನ್ನಿನ ಮಾತು. ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಆ ಸಂಖ್ಯೆಯೇ ಇಲ್ಲದ ಟೈರು ಎಷ್ಟೇ ಕಪ್ಪಾಗಿ ಹೊಳೆಯಲಿ, ತೆಗೆದುಹಾಕಿ.

ಹಳೇ ಕಿಕ್ಕರ್ (ಮೈಸೂರು)

ಹುಬ್ಬಳ್ಳಿಯವರೊಂದಿಗೆ ಈಗ ಪೂರ್ತಿ ಸಹಮತ. ಕಾರ್ಖಾನೆಯಲ್ಲಿ ಬಳಿದ ಬಣ್ಣವೂ ಗೆರೆಯೂ ಅರ್ಧ ಉಳಿದಿದ್ದರೂ ಅದನ್ನು ಉಜ್ಜಿ ತೆಗೆಸಬೇಡಿ, ಅದು ಮತ್ತೆ ಬರುವುದಿಲ್ಲ.

ಹೊಸ ಸವಾರ (ಹಾಸನ)

ಎಲ್ಲರ ಮಾತು ಬರೆದುಕೊಂಡು ಹೋಗಿ ಗಾಡಿ ನೋಡಿ ಬಂದೆ. ಸ್ಕೂಟರ್ ನನ್ನಲ್ಲೇ ಉಳಿಯುತ್ತದೆ, ಇದು ಭಾನುವಾರಕ್ಕೆ. ಚಾಸಿ, ಇಂಜಿನ್ ಎರಡರ ಸಂಖ್ಯೆಯೂ ಆರ್‌ಸಿಗೆ ಹೊಂದುತ್ತವೆ. ನವೀಕರಣದ ಮೊಹರುಗಳೂ ಇವೆ. ಸಾಲದ ನಮೂದಿಲ್ಲ. ಕಿಕ್ಕರ್ ಕೈಗೆ ಬಲವಾಗಿಯೇ ತಡೆಯಿತು. ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿದಾಗ ನಡುಮಧ್ಯದಲ್ಲಿ ಗುಳಿಗೆ ಬಿದ್ದಂತೆ ಒಂದು ಕಡೆ ನಿಲ್ಲುತ್ತದೆ. ಹಿಂದಿನ ಚಕ್ರವನ್ನು ಹಿಡಿದು ಎಡಬಲಕ್ಕೆ ಎಳೆದರೆ ಸ್ವಲ್ಪ ಆಡುತ್ತದೆ. ಟ್ಯಾಂಕಿನಲ್ಲಿ ಕಂದು ಪುಡಿ, ಜೊತೆಗೆ ವಾರ್ನಿಷಿನಂಥ ಘಾಟು. ಚಾಸಿಯಲ್ಲಿ ಬೆಸುಗೆಯ ಗುರುತಿಲ್ಲ. ಮಗ ನಮೂನೆ 31 ಹಾಕಲು ಒಪ್ಪಿದ್ದಾರೆ, ಬಾಕಿ ಶುಲ್ಕದ ಲೆಕ್ಕ ನೋಡಿ ಬೆಲೆಯನ್ನು 32,000ಕ್ಕೆ ಇಳಿಸಿದ್ದಾರೆ. ಪೆಟ್ರೋಲ್ ಹಾಕಿ ಅಲ್ಲೇ ಸ್ಟಾರ್ಟ್ ಮಾಡಿ ತೋರಿಸುತ್ತೇವೆ ಎಂದರು, ನಾನು ಬೇಡವೆಂದೆ. ಬೇಡವೆಂದದ್ದು ಸರಿಯೇ?

ಲೇತ್ ಮನೆ (ಶಿವಮೊಗ್ಗ)

ಬಹಳ ಸರಿ. ಹಳೆಯ ಟ್ಯಾಂಕಿನ ಕಸ ಕಾರ್ಬೊರೇಟರಿಗೆ ಇಳಿಯುತ್ತಿತ್ತು, ಒಣಗಿದ ಬೋರಿನಲ್ಲಿ ಪಿಸ್ಟನ್ ಉಜ್ಜುತ್ತಿತ್ತು. ಹ್ಯಾಂಡಲ್ ನಡುವೆ ನಿಲ್ಲುವುದು ಕೋನ್ ಸೆಟ್ಟಿನ (ಹ್ಯಾಂಡಲ್ ತಿರುಗುವ ಬೇರಿಂಗಿನ) ಹಾದಿಯಲ್ಲಿ ಗುಂಡುಗಳು ಗುಳಿ ಮಾಡಿರುವ ಗುರುತು. ಬಿಗಿ ಮಾಡಿದರೆ ಇನ್ನೂ ಕೆಡುತ್ತದೆ, ಸೆಟ್ ಬದಲಾಯಿಸಿ. ಹಿಂದಿನ ಚಕ್ರದ ಆಟ ಚಕ್ರದ ಬೇರಿಂಗಿನದೋ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಶ್ಶಿನದೋ ಎಂದು ಬೇರೆ ಮಾಡಿ ನೋಡಬೇಕು: ಚಕ್ರದ ಜೊತೆ ಆರ್ಮೂ ಅಲುಗಿದರೆ ಬುಶ್, ಚಕ್ರ ಮಾತ್ರ ಅಲುಗಿದರೆ ಬೇರಿಂಗ್. ಎರಡೂ ದುಬಾರಿ ಕೆಲಸಗಳಲ್ಲ.

ಕಡತ ಮೊದಲು (ಬೆಂಗಳೂರು)

32,000 ನ್ಯಾಯವಾದ ಬೆಲೆ. ನವೀಕರಣಕ್ಕೆ ಗಾಡಿಯನ್ನು ಇನ್‌ಸ್ಪೆಕ್ಟರರ ಮುಂದೆ ಹಾಜರುಪಡಿಸಬೇಕು. ಅವಧಿ ಮುಗಿದ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ. ದೀಪ, ಹಾರ್ನ್, ಕನ್ನಡಿ, ಬ್ರೇಕ್ ಕೆಲಸ ಮಾಡಬೇಕು. ಮೂರನೆಯವರ ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರ ಕೈಯಲ್ಲಿರಬೇಕು. 2000ದ ಮಾರ್ಚ್‌ಗೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಇಂಗಾಲದ ಮೊನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 9,000 ಪಿಪಿಎಂ ಮಿತಿ. ಸೀಲು ಸರಿಯಿದ್ದು ಆಯಿಲ್ ಅಳೆದು ಹಾಕಿದ ರೋಡ್‌ಕಿಂಗ್ ಇದರಲ್ಲಿ ಪಾಸಾಗುತ್ತದೆ. ಮನೆಯವರು ಯಾರಾದರೂ ಇದನ್ನು ವಿಂಟೇಜ್ ಎಂದು ನೋಂದಾಯಿಸು ಎಂದರೆ ಕಿವಿಗೊಡಬೇಡಿ. 2021ರ ನಿಯಮದಂತೆ ಅದಕ್ಕೆ ಐವತ್ತು ವರ್ಷ ದಾಟಿರಬೇಕು, ಶುಲ್ಕ 20,000, ಮೇಲಾಗಿ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯ ಓಡಿಸುವಂತಿಲ್ಲ.

ಕಡಲ ಗಾಳಿ (ಕುಂದಾಪುರ)

ವಾರ್ನಿಷ್ ವಾಸನೆ ಎಂದರೆ ಪೆಟ್ರೋಲ್ ಒಣಗಿ ಅಂಟಾಗಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ಅಂಟನ್ನು ಕರಗಿಸಿ ಕಾರ್ಬೊರೇಟರಿಗೆ ತಂದು ಸುರಿಯುತ್ತದೆ, ಹಳೆಯ ರಬ್ಬರ್ ಪೈಪನ್ನೂ ವಾಶರುಗಳನ್ನೂ ಮೆತ್ತಗಾಗಿಸುತ್ತದೆ, ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರುತ್ತದೆ. ಟ್ಯಾಂಕ್ ಪೂರ್ತಿ ತೊಳೆದು ಒಣಗಿಸಿ, ಪೈಪ್ ಹೊಸದು ಹಾಕಿ, ಪೆಟ್ರೋಲ್ ಕಾಕಿನ ನಂತರ ಒಂದು ಫಿಲ್ಟರ್ ಇಡಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರನ್ನು ಖಾಲಿ ಮಾಡಿ.

ಹೊಸ ಸವಾರ (ಹಾಸನ)

ಕೊನೆಯ ಪ್ರಶ್ನೆ. ಗಾಡಿ ಮನೆಗೆ ಬಂದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವುದನ್ನು ಯಾವ ಕ್ರಮದಲ್ಲಿ ಮಾಡಬೇಕು? ಮೆಕ್ಯಾನಿಕ್ ಪಕ್ಕದಲ್ಲಿರುತ್ತಾರೆ, ಆದರೆ ಕೈ ನನ್ನದೇ ಇರಬೇಕೆಂಬ ಆಸೆ.

ಹಳೇ ಕಿಕ್ಕರ್ (ಮೈಸೂರು)

ಸೀಲುಗಳು ಹೊಸದಾಗಿ ಬಿದ್ದಿವೆ, ಟ್ಯಾಂಕ್ ತೊಳೆದಿದೆ, ಬ್ಯಾಟರಿ ಚಾರ್ಜ್ ಆಗಿದೆ ಎಂದಿಟ್ಟುಕೊಳ್ಳೋಣ. ಕಾರ್ಬೊರೇಟರ್ ಬಿಚ್ಚಿ ಜೆಟ್ಟುಗಳನ್ನು ಹೊರತೆಗೆದು ಕ್ಲೀನರ್ ಊದಿ ತೊಳೆಯಿರಿ. ರಂಧ್ರಕ್ಕೆ ತಂತಿ ಚುಚ್ಚಿದರೆ ಅದರ ಅಳತೆಯೇ ಬದಲಾಗುತ್ತದೆ. ಗೇರ್ ಆಯಿಲ್ ಹೊಸದು ಹಾಕಿ. ಪ್ಲಗ್ ತೆಗೆದು ಆ ರಂಧ್ರದಿಂದ ಒಂದು ಚಮಚ 2ಟಿ ಆಯಿಲ್ ಬಿಟ್ಟು, ಪ್ಲಗ್ ಇಲ್ಲದೆಯೇ ಕಿಕ್ಕರನ್ನು ಹಲವು ಬಾರಿ ನಿಧಾನವಾಗಿ ತಿರುಗಿಸಿ ಬೋರಿಗೆಲ್ಲ ಆಯಿಲ್ ಹತ್ತಲಿ. ಸೈಲೆನ್ಸರಿನ ಒಳಗಿನ ಬ್ಯಾಫಲ್‌ಗಳನ್ನು ಎಳೆದು ನೋಡಿ. ಅವುಗಳ ತೂತುಗಳು ಕರಿಯಿಂದ ಮುಚ್ಚಿದ್ದರೆ ಇಂಜಿನ್ ಉಸಿರಾಡುವುದಿಲ್ಲ, ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆಯಬೇಕು. ಕೈಗವಸು, ಕನ್ನಡಕ ಇಲ್ಲದೆ ಆ ಕೆಲಸ ಬೇಡ.

ಆಮೇಲೆ ಹೊಸ ಪ್ಲಗ್ ಹಾಕಿ, ಲೀಟರಿಗೆ 40 ಮಿಲಿ ಬೆರೆಸಿದ ಒಂದೆರಡು ಲೀಟರ್ ಪೆಟ್ರೋಲ್ ಮಾತ್ರ ಹಾಕಿ, ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ನಿಮಿಷ ದಟ್ಟ ಹೊಗೆ ಬರುತ್ತದೆ, ಅದು ನೀವೇ ಬಿಟ್ಟ ಆಯಿಲ್, ಗಾಬರಿಯಾಗಬೇಡಿ. ಹೊಗೆ ತೆಳುವಾಗದೆ ಹಾಗೆಯೇ ಉಳಿದರೆ ನಿಲ್ಲಿಸಿ ಗೇರ್ ಆಯಿಲ್ ಮಟ್ಟ ನೋಡಿ. ಇಂಜಿನ್ ತಾನೇ ವೇಗ ಹಿಡಿದು ಕೂಗತೊಡಗಿದರೆ ತಕ್ಷಣ ಕೀ ತಿರುಗಿಸಿ. ನಿಲ್ಲದಿದ್ದರೆ ಕಾರ್ಬೊರೇಟರಿನ ಬಾಯಿಗೆ ದಪ್ಪ ಬಟ್ಟೆ ಒತ್ತಿ ಗಾಳಿ ತಡೆಯಿರಿ, ಆ ಬಟ್ಟೆಯನ್ನು ಮೊದಲೇ ಪಕ್ಕದಲ್ಲಿ ಇಟ್ಟುಕೊಂಡಿರಿ. ಎಲ್ಲ ಸರಿಯಿದ್ದರೆ ಕಾಗದ ಕೈಗೆ ಬಂದ ಮೇಲೆ ಅರ್ಧ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಆರಿದ ಮೇಲೆ ಪ್ಲಗ್ ತೆಗೆದು ನೋಡಿ. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಮಿಶ್ರಣ ಸರಿ. ಒದ್ದೆ ಕಪ್ಪಾಗಿದ್ದರೆ ಹೆಚ್ಚು ಪೆಟ್ರೋಲ್ ಹೋಗುತ್ತಿದೆ. ಬೂದಿಯಂತೆ ಬಿಳುಪಾಗಿದ್ದರೆ ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಕಂಡುಹಿಡಿಯುವವರೆಗೆ ಮುಂದೆ ಓಡಿಸಬೇಡಿ. ಪ್ಲಗ್ಗಿನ ಚಿತ್ರ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇವೆ.